ಹಿಮ ಬಿದ್ದು ಮನೆಯೊಳಗೇ ಉಳಿದಾಗ: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಡಿಸೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಮಗಳ ಬಾಣಂತನಕ್ಕೆಂದು ಅಮೆರಿಕದ ಬಫೆಲೊ ನಗರಕ್ಕೆ ಅಂಟಿಕೊಂಡಿರುವ ಒಂದು ಊರಿನಲ್ಲಿದ್ದೆವು. 23ರ ಶುಕ್ರವಾರ ಶುರುವಾದ ಹಿಮಗಾಳಿ ನಮ್ಮನ್ನು ಐದು ದಿನ ಹೊಸ್ತಿಲು ದಾಟಲು ಬಿಡಲಿಲ್ಲ. ನಾವು ವಿದ್ಯಾನಗರಕ್ಕೆ ಮರಳುವ ಮೊದಲೇ ಈ ಸುದ್ದಿ ಊರು ತಿರುಗಿತ್ತು. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ತಂದೆತಾಯಂದಿರು ಬೆಳಗಿನ ವಾಕಿಂಗ್‌ನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ, ಒಬ್ಬಿಬ್ಬರು ಪತ್ರ ಬರೆದೂ ಕೇಳಿದ್ದನ್ನೇ ಕೇಳುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳಿಗೆ ಒಂದೇ ಪಾಠವನ್ನು ನೂರು ಸಲ ಹೇಳುವುದು ಹೊಸದಲ್ಲ. ಆದರೂ ಬರೆದಿಟ್ಟರೆ ಗಂಟಲಿಗೆ ಸ್ವಲ್ಪ ಬಿಡುವು ಸಿಕ್ಕೀತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಗೆ, ಹಿಮ ಎಂದರೇನು

ಹಿಮ ಎಂದರೆ ನಮ್ಮಲ್ಲಿ ಬೀಳುವ ಆಲಿಕಲ್ಲಿನ ಹಾಗೆಯೇ ಅಲ್ಲವೇ ಟೀಚರ್?

ಅಲ್ಲ. ಆಲಿಕಲ್ಲು ಗುಡುಗಿನ ಮೋಡದ ಕೂಸು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲೇ ಅದು ಬೀಳುವುದು. ಮೇಲಕ್ಕೆ ನುಗ್ಗುವ ಗಾಳಿಯಲ್ಲಿ ನೀರಹನಿ ಪದರ ಪದರವಾಗಿ ಗಟ್ಟಿಯಾಗಿ, ಭಾರ ತಡೆಯದೆ ಉದುರುತ್ತದೆ. ಹಿಮದಲ್ಲಿ ನೀರಾವಿಯೇ ನೇರವಾಗಿ ಹರಳಾಗುತ್ತದೆ. ಆರು ಮೂಲೆಯ ಹರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಅರಳೆಯಂತೆ ಇಳಿಯುತ್ತವೆ, ನಡುವೆ ಗಾಳಿ ತುಂಬಿರುತ್ತದೆ. ಆದ್ದರಿಂದಲೇ ಹತ್ತು ಅಂಗುಲ ಹಿಮ ಕರಗಿದರೆ ಸಾಮಾನ್ಯವಾಗಿ ಒಂದೇ ಅಂಗುಲ ನೀರು. ತಗಡಿನ ಮೇಲೆ ಆಲಿಕಲ್ಲು ಬಿದ್ದರೆ ಬೀದಿಯೆಲ್ಲ ಏಳುತ್ತದೆ. ಗಾಳಿಯಿಲ್ಲದ ರಾತ್ರಿ ಹಿಮ ಬಿದ್ದರೆ ಸದ್ದೇ ಇಲ್ಲ, ಬೆಳಗ್ಗೆ ಪರದೆ ಸರಿಸಿದಾಗಲೇ ಗೊತ್ತಾಗುವುದು. ಇಬ್ಬನಿ, ಕಾವಳ, ಹಿಮ ಮೂರಕ್ಕೂ ನಾವು ‘ಮಂಜು’ ಎಂದುಬಿಡುತ್ತೇವೆ. ಅರ್ಧ ಗೊಂದಲ ಅಲ್ಲಿಂದಲೇ.

ಬಾಗಿಲು ತೆಗೆದು ಹೊರಗೆ ಬಂದರೆ ಆಯಿತಲ್ಲ, ಸಿಕ್ಕಿಹಾಕಿಕೊಳ್ಳುವುದೇನು ಬಂತು?

ಬಾಗಿಲಿನ ಕಥೆಯನ್ನೇ ಹೇಳುತ್ತೇನೆ. ಮಗಳ ಮನೆಗೆ ಎರಡು ಬಾಗಿಲು: ಒಳಕ್ಕೆ ತೆರೆಯುವ ಮರದ್ದು ಒಂದು, ಅದರಾಚೆ ಹೊರಕ್ಕೆ ತೆರೆಯುವ ಗಾಜಿನದು ಒಂದು. ಶನಿವಾರ ಬೆಳಗ್ಗೆ ಮರದ ಬಾಗಿಲು ತೆಗೆದೆ. ಗಾಜಿನ ಆಚೆ ನನ್ನ ಎದೆಯೆತ್ತರಕ್ಕೆ ಬಿಳಿ ಗೋಡೆ. ಗಾಳಿ ಹಿಮವನ್ನು ತಂದು ಒತ್ತಿದ ರಭಸಕ್ಕೆ ಅದರೊಳಗೆ ಸೀರೆಯ ನೆರಿಗೆಯಂತೆ ಗೆರೆಗಳು ಮೂಡಿದ್ದವು, ಕೆಳಗಿನವು ಬೂದು, ಮೇಲಿನವು ಅಚ್ಚ ಬಿಳಿ. ಬೀಗದ ಕೈ ತಿರುಗಿತು, ಬಾಗಿಲು ಮಾತ್ರ ಬೆರಳಗಲವೂ ಜಗ್ಗಲಿಲ್ಲ. ಇಡೀ ಬೀದಿಯಲ್ಲಿ ಬಿದ್ದ ಹಿಮ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಗಾಳಿ ಒಂದು ಕಡೆ ನೆಲ ಕಾಣುವಂತೆ ಗುಡಿಸಿ ಇನ್ನೊಂದು ಕಡೆ ಗುಡ್ಡೆ ಹಾಕುತ್ತದೆ. ಗ್ಯಾರೇಜಿನ ಬಾಗಿಲು ಮೇಲಕ್ಕೆ ಏಳುವ ಬಗೆಯದಾದ್ದರಿಂದ ನಮಗೆ ಅದೇ ದಾರಿಯಾಯಿತು. ಆದರೆ ಹೊರಗೆ ಬಂದು ಹೋಗುವುದೆಲ್ಲಿಗೆ? ರಸ್ತೆಯೇ ಇರಲಿಲ್ಲ.

ಎಷ್ಟು ಹಿಮ ಬಿತ್ತು? ಆ ಊರಿಗೇ ಯಾಕೆ ಅಷ್ಟೊಂದು?

ಬಫೆಲೊ ವಿಮಾನ ನಿಲ್ದಾಣದಲ್ಲಿ ಐದು ದಿನಕ್ಕೆ ಅಳೆದದ್ದು ಸುಮಾರು 52 ಅಂಗುಲ, ಅಂದರೆ ನಾಲ್ಕು ಅಡಿ ದಾಟಿ. ಹತ್ತಕ್ಕೆ ಒಂದರ ಲೆಕ್ಕ ಹಿಡಿದರೆ ಅದು ಸುಮಾರು 130 ಮಿಲಿಮೀಟರ್ ನೀರು, ನಮ್ಮ ದಾವಣಗೆರೆಯ ವರ್ಷದ ಮಳೆಯ ಐದನೇ ಒಂದು ಪಾಲು. ಮಳೆಯಾಗಿ ಬಂದಿದ್ದರೆ ಎರಡು ದಿನ ಚರಂಡಿ ತುಂಬಿ ಹರಿದು ಮುಗಿಯುತ್ತಿತ್ತು.

ಕಾರಣ ಈರಿ ಸರೋವರ. ನಮ್ಮ ಸೂಳೆಕೆರೆಯಂಥವು ಹೆಚ್ಚು ಕಡಿಮೆ ಸಾವಿರ ಹಿಡಿಸುವಷ್ಟು ದೊಡ್ಡದು. ಚಳಿಗಾಲದ ಆರಂಭದಲ್ಲಿ ಅದರ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ಮೇಲೆ ಬೀಸುವ ಗಾಳಿಗಿಂತ ಬೆಚ್ಚಗಿರುತ್ತದೆ. ಚಳಿಯ ಬೆಳಗ್ಗೆ ಬಚ್ಚಲ ಹಂಡೆಯ ಮೇಲೆ ಆವಿ ಏಳುವುದನ್ನು ನೆನಪಿಸಿಕೊಳ್ಳಿ. ಆ ಆವಿಯನ್ನು ಗಾಳಿ ಸರೋವರದ ಉದ್ದಕ್ಕೂ ಹೊತ್ತು ತಂದು ಪೂರ್ವದ ದಡದಲ್ಲಿರುವ ಬಫೆಲೊ ಮೇಲೆ ಹಿಮವಾಗಿ ಸುರಿಯುತ್ತದೆ. ಸರೋವರ ಪೂರ್ತಿ ಹೆಪ್ಪುಗಟ್ಟಿದರೆ ಈ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಹಿಮ ಸುರಿಯುವ ಪಟ್ಟಿ ಎಷ್ಟು ಕಿರಿದೆಂದರೆ, ಅದೇ ವರ್ಷ ನವೆಂಬರ್‌ನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ 80 ಅಂಗುಲದವರೆಗೆ ಬಿದ್ದಿದ್ದರೆ ಉತ್ತರದ ಬಡಾವಣೆಗಳಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ ಬಿದ್ದಿತ್ತು.

ಮನೆಗೆ ಮನೆಯೇ ಐಸ್ ಗಡ್ಡೆಯಾದ ವಿಡಿಯೊ ಬಂದಿತ್ತು. ನಿಮ್ಮದೂ ಹಾಗಾಗಿತ್ತೇ?

ಇಲ್ಲ. ಅವು ಸರೋವರದ ದಂಡೆಯ ಮೇಲಿನ ಮನೆಗಳು. ಅಲೆ ಎರಚಿದ ನೀರು ಗೋಡೆಗೆ ತಾಗಿದಲ್ಲೇ ಹೆಪ್ಪುಗಟ್ಟಿ ಹಾಗಾಗುತ್ತದೆ. ಅದಕ್ಕೂ ಹಿಮಕ್ಕೂ ಸಂಬಂಧ ಕಡಿಮೆ. ಆ ವಿಡಿಯೊವನ್ನು ನನಗೇ ಹನ್ನೊಂದು ಜನ ಕಳಿಸಿದ್ದರು.

## ನಾಲ್ಕು ಗೋಡೆಯ ಒಳಗೆ

ಒಳಗೆ ಎಷ್ಟು ಚಳಿ ಇರುತ್ತದೆ? ಎಷ್ಟು ಸ್ವೆಟರ್ ಒಯ್ಯಬೇಕು?

ಒಂದು ಸಾಕು. ಕರೆಂಟ್ ಇರುವವರೆಗೆ ಒಳಗೆ 20 ಡಿಗ್ರಿ. ನಮ್ಮ ಮನೆಯಲ್ಲಿ ಜನವರಿಯ ಬೆಳಗ್ಗೆ ಮೊಸಾಯಿಕ್ ನೆಲಕ್ಕೆ ಕಾಲಿಟ್ಟಾಗ ಆಗುವ ಜುಮ್ಮು ಅಲ್ಲಿ ಆಗಲಿಲ್ಲ. ಗೋಡೆಯ ಮೇಲಿನ ಥರ್ಮೋಸ್ಟಾಟ್ 68 ತೋರಿಸುವುದನ್ನು ನೋಡಿ ನಮ್ಮ ಯಜಮಾನರು ಬೆಚ್ಚಿಬಿದ್ದರು. ಅದು ಫ್ಯಾರನ್‌ಹೀಟ್, 20 ಡಿಗ್ರಿ ಸೆಲ್ಸಿಯಸ್‌ಗೆ ಸಮ. ಉಣ್ಣೆಯ ಕಾಲುಚೀಲ ಮಾತ್ರ ಧಾರಾಳವಾಗಿ ಒಯ್ಯಿರಿ. ದಪ್ಪ ಕೋಟನ್ನು ಇಲ್ಲಿ ಕೊಳ್ಳಬೇಡಿ, ನಮ್ಮ ಅಂಗಡಿಗಳ ಕೋಟು ಊಟಿಯ ಚಳಿಗೆ ಹೊಲಿದದ್ದು.

ಅಲ್ಲಿ ಮೂಗಿನಿಂದ ರಕ್ತ ಬರುತ್ತದಂತೆ, ಸ್ವಿಚ್ ಮುಟ್ಟಿದರೆ ಶಾಕ್ ಹೊಡೆಯುತ್ತದಂತೆ. ನಿಜವೇ?

ಎರಡೂ ನಿಜ, ಎರಡಕ್ಕೂ ಕಾರಣ ಒಂದೇ. ತಣ್ಣನೆಯ ಗಾಳಿಯಲ್ಲಿ ನೀರಾವಿ ಹಿಡಿಸುವುದೇ ಸ್ವಲ್ಪ. ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ, ಬೇರೆ ತೇವ ಸೇರದಿದ್ದಲ್ಲಿ, ಅದರ ಆರ್ದ್ರತೆ ಶೇಕಡಾ 15ಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಮಾರ್ಚ್ ತಿಂಗಳ ಒಣಗಾಳಿಯೂ ಅದರ ಮುಂದೆ ತೇವವೇ. ತುಟಿ ಒಡೆಯುತ್ತದೆ, ಮೂಗಿನ ಒಳಪೊರೆ ಸೀಳುತ್ತದೆ. ಕಾರ್ಪೆಟ್ ಮೇಲೆ ಕಾಲು ಎಳೆದು ನಡೆದಾಗ ಮೈಯಲ್ಲಿ ಸೇರಿದ ವಿದ್ಯುತ್ತು ಒಣಗಾಳಿಯಲ್ಲಿ ಸೋರಿಹೋಗದೆ ಬೆರಳ ತುದಿಯಿಂದ ಚಟ್ ಎಂದು ಹಾರುತ್ತದೆ. ಅಪಾಯವಿಲ್ಲ. ಮಲಗುವ ಮುನ್ನ ಮೂಗಿನ ಹೊಳ್ಳೆಯ ಅಂಚಿಗೆ ವ್ಯಾಸಲೀನ್, ದಿನಕ್ಕೆರಡು ಸಲ ಮೈಗೆ ಎಣ್ಣೆ, ಒಗೆದ ಬಟ್ಟೆಯನ್ನು ಯಂತ್ರದಲ್ಲಿ ಒಣಗಿಸದೆ ಕೋಣೆಯಲ್ಲೇ ಹರವುವುದು: ನಾನು ಮಾಡಿದ್ದು ಇಷ್ಟೇ. ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ನೀರು ಕುಡಿಯಬೇಕು.

ದೋಸೆ ಹಿಟ್ಟು ಉಬ್ಬುತ್ತದೆಯೇ?

ಚಳಿಯ ಬಗ್ಗೆ ಕೇಳುವುದಕ್ಕಿಂತ ಹೆಚ್ಚು ಜನ ಇದನ್ನೇ ಕೇಳಿದ್ದಾರೆ. ಬೆಣ್ಣೆ ದೋಸೆಯ ಊರು, ಕೇಳದೆ ಇರುವುದಾದರೂ ಹೇಗೆ? 20 ಡಿಗ್ರಿಯಲ್ಲಿ ಹಿಟ್ಟು ಮುನಿಸಿಕೊಂಡ ಅತ್ತೆಯಂತೆ ಇಟ್ಟಲ್ಲೇ ಕೂರುತ್ತದೆ. ಮೊಸರೂ ಹೆಪ್ಪಾಗುವುದಿಲ್ಲ. ಉಪಾಯ ಓವನ್. ಅದನ್ನು ಉರಿಸಬಾರದು, ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆ ಇಟ್ಟು ಬಾಗಿಲು ಮುಚ್ಚಬೇಕು. ಹಳೆಯ ಬಗೆಯ ಬಲ್ಬ್ ಇದ್ದರೆ ಅದರ ಶಾಖವೇ ಸಾಕು, ಬೆಳಗಾಗುವಷ್ಟರಲ್ಲಿ ಹಿಟ್ಟು ಮೇಲೆ ಬಂದಿರುತ್ತದೆ. ಎಲ್‌ಇಡಿ ದೀಪವಾದರೆ ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರು ಇಡಿ.

ಓವನ್ ಬಾಗಿಲ ಮೇಲೆ ‘ಒಳಗೆ ಹಿಟ್ಟು ಇದೆ’ ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ನಾನು ಮರೆತೆ. ಅಳಿಯಂದಿರು ಬ್ರೆಡ್ ಕಾಯಿಸಲು ಓವನ್ ಹಚ್ಚಿದರು. ಪ್ಲಾಸ್ಟಿಕ್ ಡಬ್ಬಿ ಕುಸಿದು ಹಿಟ್ಟಿನ ಜೊತೆ ಒಂದಾಯಿತು. ಹೊರಗೆ ಅಂಗಡಿಯೆಲ್ಲ ಮುಚ್ಚಿದ್ದ ದಿನ, ಮನೆಯಲ್ಲಿದ್ದ ಕೊನೆಯ ಉದ್ದಿನ ಬೇಳೆ ಅದು.

ಮೊದಲೇ ಏನೇನು ತಂದಿಟ್ಟುಕೊಳ್ಳಬೇಕು? ತರಕಾರಿ ಗಾಡಿಯವರು ಬರುವುದಿಲ್ಲವೇ?

ಬರುವುದಿಲ್ಲ. ದಿನದ ಸೊಪ್ಪು ದಿನಕ್ಕೆ, ದಿನದ ಹಾಲು ದಿನಕ್ಕೆ ಎಂಬ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡಬೇಕು. ಹವಾಮಾನ ಇಲಾಖೆ ಮೂರು ನಾಲ್ಕು ದಿನ ಮೊದಲೇ ಹೇಳಿರುತ್ತದೆ. ನಮಗೂ ಬುಧವಾರವೇ ಗೊತ್ತಿತ್ತು. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕನಿಷ್ಠ ಮೂರು ದಿನಕ್ಕೆ, ಒಲೆ ಹಚ್ಚದೆ ತಿನ್ನಬಹುದಾದ ಪದಾರ್ಥ, ಬ್ಯಾಟರಿ, ಮಗುವಿಗೆ ಬೇಕಾದ್ದು. ಒಲೆ ಬೇಡದ ತಿನಿಸಿನ ವಿಷಯದಲ್ಲಿ ನಾವು ಜಗತ್ತಿಗೇ ಗುರುಗಳು. ನಾನು ಒಯ್ದಿದ್ದ ನಾಲ್ಕು ಸೇರು ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಒಣ ಜೋಳದ ರೊಟ್ಟಿ ಇವು ಕರೆಂಟ್ ಇಲ್ಲದ ದಿನ ಹೊಟ್ಟೆ ಕಾದವು. ಮಂಡಕ್ಕಿ ಗಾಳಿಯೇ ಹೆಚ್ಚು ಇರುವ ತಿನಿಸು, ಸೂಟ್‌ಕೇಸಿನಲ್ಲಿ ತೂಕ ಬರುವುದಿಲ್ಲ. ಜಾಗ ಮಾತ್ರ ತಿನ್ನುತ್ತದೆ.

ಬಾಣಂತಿಗೆ, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಬಹುದೇ?

ಬೇಡ. ನಮ್ಮ ಮನೆಗಳಲ್ಲಿ ಗವಾಕ್ಷಿ ಇದೆ, ಕಿಟಕಿ ಸಂದಿ ಇದೆ, ಹೊಗೆಗೆ ಹತ್ತು ದಾರಿ. ಅಲ್ಲಿ ಶಾಖ ಸೋರಬಾರದೆಂದು ಎಲ್ಲವನ್ನೂ ಬಿಗಿದಿರುತ್ತಾರೆ, ಹಿಮಗಾಳಿಯಲ್ಲಿ ಕಿಟಕಿ ತೆಗೆಯಲೂ ಆಗದು. ಹಸುಗೂಸಿನ ಶ್ವಾಸಕೋಶಕ್ಕೆ ಆ ಹೊಗೆ ಒಳ್ಳೆಯದಲ್ಲ. ಇನ್ನೊಂದು ಗಂಭೀರ ಮಾತು: ಸೂರಿನಲ್ಲಿರುವ ಹೊಗೆ ಪತ್ತೆ ಯಂತ್ರ ಕಿರುಚಿಕೊಳ್ಳುತ್ತದೆ. ಒಗ್ಗರಣೆಗೂ ಕಿರುಚುತ್ತದೆ. ಆಗ ಎಷ್ಟೋ ಮನೆಗಳಲ್ಲಿ ನಮ್ಮಂಥ ಅಜ್ಜಿಯರ ಒತ್ತಾಯಕ್ಕೆ ಅದರ ಬ್ಯಾಟರಿ ಕಿತ್ತಿಡುತ್ತಾರೆ. ಹಲವು ಕಡೆ ವಿಷಾನಿಲ ಪತ್ತೆ ಮಾಡುವುದೂ ಅದೇ ಯಂತ್ರ. ಹಿಮದ ದಿನಗಳಲ್ಲಿ ಅದರ ಬಾಯಿ ಮುಚ್ಚಿಸಿದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಮಗುವಿಗೆ ಎಳೆಬಿಸಿಲು ಕಾಯಿಸಲೂ ಆಗುವುದಿಲ್ಲ, ವಿಟಮಿನ್ ‘ಡಿ’ ಹುಟ್ಟಿಸುವ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ವೈದ್ಯರು ಬರೆದುಕೊಡುವ ಹನಿಗಳೇ ಅದಕ್ಕೆ ದಾರಿ.

ಐದು ದಿನ ಅಳಿಯನ ಮನೆಯಲ್ಲಿ ಸುಮ್ಮನೆ ಹೇಗೆ ಕುಳಿತಿರಿ? ಬೇಜಾರಾಗಲಿಲ್ಲವೇ?

ಮೊದಲ ದಿನ ಹಬ್ಬ. ಎರಡನೆಯ ದಿನ ಎಲ್ಲರೂ ಹೆಚ್ಚು ಮರ್ಯಾದೆಯಿಂದ ಮಾತನಾಡತೊಡಗಿದೆವು, ಅದು ಒಳ್ಳೆಯ ಲಕ್ಷಣವಲ್ಲ. ಮೂರನೆಯ ದಿನ ಪಾತ್ರೆ ತೊಳೆಯುವ ಯಂತ್ರದಲ್ಲಿ ಲೋಟಗಳನ್ನು ಬೋರಲು ಇಡಬೇಕೋ ಓರೆಯಾಗಿ ಇಡಬೇಕೋ ಎಂಬ ಬಗ್ಗೆ ಯಜಮಾನರಿಗೂ ಅಳಿಯಂದಿರಿಗೂ ಮಾತು ಬಿಗಿಯಾಯಿತು. ಜಗಳ ಲೋಟದ್ದಲ್ಲ, ಹೊರಗೆ ಹೋಗಲಾಗದ ಇಬ್ಬರು ಗಂಡಸರದು.

ಕೆಲಸಕ್ಕೆ ಬಂದದ್ದು ಚೌಕಾಬಾರ. ರಟ್ಟಿನ ಮೇಲೆ ಐದೈದು ಮನೆ ಬರೆದೆ. ಕವಡೆ ಇರಲಿಲ್ಲ. ಪಿಸ್ತಾ ಸಿಪ್ಪೆಯ ಅರ್ಧಗಳು ಒಂದು ಬದಿ ಉಬ್ಬು, ಒಂದು ಬದಿ ತಗ್ಗು, ಕವಡೆಯ ಹಾಗೆಯೇ ಉರುಳುತ್ತವೆ. ಕಾಯಿಗಳಿಗೆ ಒಬ್ಬರಿಗೆ ಲವಂಗ, ಒಬ್ಬರಿಗೆ ಕಡಲೆಕಾಳು, ಒಬ್ಬರಿಗೆ ಗುಂಡಿ. ಮಾವ ಅಳಿಯನ ಕಾಯಿ ಕಡಿದ ಮೇಲೆ ಮನೆ ಮತ್ತೆ ಮನೆಯಾಯಿತು. ಬಿಡುವು ಬೇಕೆಂದರೆ ಮಧ್ಯಾಹ್ನ ಎರಡು ಗಂಟೆ ಎಲ್ಲರೂ ತಮ್ಮ ತಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಈ ನಿಯಮ ಮಗಳದ್ದು. ಮೊದಲು ನನಗೆ ನೋವಾಯಿತು, ಆಮೇಲೆ ಅದಕ್ಕಾಗಿಯೇ ಕಾಯುತ್ತಿದ್ದೆ.

## ಹೊರಗೆ ಕಾಲಿಡುವ ಮುನ್ನ

ನಮ್ಮವರು ಗಟ್ಟಿಮುಟ್ಟಾಗಿದ್ದಾರೆ. ಸಲಿಕೆ ಹಿಡಿದು ಹಿಮ ತೆಗೆದುಕೊಟ್ಟರೆ ಮಕ್ಕಳಿಗೆ ಸಹಾಯವಲ್ಲವೇ?

ಈ ಒಂದು ಪ್ರಶ್ನೆಗಾಗಿಯೇ ಇದನ್ನು ಬರೆಯಲು ಕುಳಿತೆ ಎಂದರೂ ಸರಿ. ಹಿಮ ಅರಳೆಯಂತೆ ಕಾಣುತ್ತದೆ, ತೂಕ ಅರಳೆಯದ್ದಲ್ಲ. ಲೆಕ್ಕ ಹಾಕಿ: ಕಾರು ನಿಲ್ಲಿಸುವ ಜಾಗ ಆರು ಮೀಟರ್ ಉದ್ದ, ಐದು ಮೀಟರ್ ಅಗಲ. ಒಂದು ಅಡಿ ಹಿಮ. ಹೊಸ ಹಿಮ ಘನ ಮೀಟರಿಗೆ ಸುಮಾರು ನೂರು ಕಿಲೋ ಎಂದರೆ ಒಟ್ಟು ಒಂಬತ್ತು ಕ್ವಿಂಟಲ್. ನಮ್ಮ ಎಪಿಎಂಸಿಯ ಲೆಕ್ಕದಲ್ಲಿ 50 ಕಿಲೋದ ಹದಿನೆಂಟು ಚೀಲ ಮೆಕ್ಕೆಜೋಳ. ಹಸಿ ಹಿಮವಾದರೆ ಇದರ ಎರಡರಷ್ಟು. ಅರವತ್ತಾರು ವರ್ಷದ ನಿಮ್ಮವರನ್ನು ಹದಿನೆಂಟು ಚೀಲ ಎತ್ತಿ ಪಕ್ಕಕ್ಕೆ ಎಸೆಯಲು ಬೆಳಗಿನ ಜಾವ ಕಳಿಸುತ್ತೀರಾ?

ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಕಾಲು ನಿಂತಲ್ಲೇ ನಿಂತು ತೋಳಿನಿಂದ ಎತ್ತುವ ಕೆಲಸ ಹೃದಯಕ್ಕೆ ನಡಿಗೆಗಿಂತ ಬಹಳ ಭಾರ. ಎತ್ತುವಾಗ ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಪ್ರತಿ ದೊಡ್ಡ ಹಿಮಪಾತದ ನಂತರ ಸಲಿಕೆ ಹಿಡಿದವರು ಎದೆ ಹಿಡಿದುಕೊಂಡು ಬೀಳುವುದು ಅಲ್ಲಿನ ವೈದ್ಯರಿಗೆ ಪರಿಚಿತ ಸಂಗತಿ. ನಮ್ಮ ಯಜಮಾನರಿಗೆ ಸ್ಟೆಂಟ್ ಹಾಕಿದೆ. ಅವರು ಮಫ್ಲರ್ ಸುತ್ತಿಕೊಂಡು ಗ್ಯಾರೇಜಿಗೆ ಇಳಿದಾಗ ಅಳಿಯಂದಿರು ಏನೂ ಹೇಳದೆ ಕೈಯಿಂದ ಸಲಿಕೆ ತೆಗೆದುಕೊಂಡು, ಅಳುತ್ತಿದ್ದ ಮೊಮ್ಮಗುವನ್ನು ಕೊಟ್ಟರು. ಯುವಕರೂ ಸ್ವಲ್ಪ ಸ್ವಲ್ಪವೇ ತಳ್ಳಬೇಕು, ಎತ್ತಬಾರದು. ಬೀದಿಗೆ ಹಿಮ ತಳ್ಳುವ ಲಾರಿ ಬಂದು ಹೋದ ಮೇಲೆ ತೆಗೆದ ಜಾಗದ ಬಾಯಿಗೆ ಮತ್ತೆ ಒಂದು ದಿಣ್ಣೆ ಬಂದು ಕೂತಿರುತ್ತದೆ, ಅದಕ್ಕೂ ಶಕ್ತಿ ಉಳಿಸಿಕೊಂಡಿರಬೇಕು.

ಉಪ್ಪು ಹಾಕಿದರೆ ಕರಗುತ್ತದಲ್ಲ, ಇಷ್ಟೆಲ್ಲ ಯಾಕೆ?

ತೆಳುವಾದ ಪದರಕ್ಕೆ ಸರಿ, ಎದೆಯೆತ್ತರದ ರಾಶಿಗಲ್ಲ. ಅಡಿಗೆ ಉಪ್ಪಿನ ಜಾತಿಯದು ಶೂನ್ಯಕ್ಕಿಂತ ಒಂಬತ್ತು ಹತ್ತು ಡಿಗ್ರಿ ಕೆಳಗಿಳಿದರೆ ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕಿಂತ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾದರೆ ಗಾಜು ಹಾಸಿದಂತೆ, ಕಣ್ಣಿಗೆ ಬರೀ ಒದ್ದೆ ರಸ್ತೆ. ಅಲ್ಲಿ ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆಯಿಟ್ಟು, ಬಾತುಕೋಳಿಯ ಹಾಗೆ ನಡೆಯಬೇಕು. ಕೈ ಜೇಬಿನಲ್ಲಿ ಇರಕೂಡದು.

ಕಾರಿನಲ್ಲಿ ಹೀಟರ್ ಇರುತ್ತದಲ್ಲ? ತುರ್ತು ಇದ್ದರೆ ನಿಧಾನವಾಗಿ ಹೋಗಬಹುದಲ್ಲ?

ಶುಕ್ರವಾರ ಬೆಳಗಿನ ಜಾವ ಅಲ್ಲಿ ಮಳೆ ಇತ್ತು. ಕೆಲವೇ ಗಂಟೆಗಳಲ್ಲಿ ಮುಂದಿನ ಮನೆ ಕಾಣಿಸಲಿಲ್ಲ. ಗಾಳಿ ಗಂಟೆಗೆ 35 ಮೈಲಿ ದಾಟಿ, ಕಾಲು ಮೈಲಿಯಾಚೆ ಏನೂ ಕಾಣದ ಸ್ಥಿತಿ ಮೂರು ಗಂಟೆ ಇದ್ದರೆ ಅದನ್ನು ಅಲ್ಲಿ ಬ್ಲಿಜಾರ್ಡ್ ಎನ್ನುತ್ತಾರೆ. ಬಫೆಲೊದಲ್ಲಿ ಅದು ಒಂದೂವರೆ ದಿನ ನಿಲ್ಲಲೇ ಇಲ್ಲ. ಅಂದು ಬೆಳಗ್ಗೆಯೇ ವಾಹನ ಓಡಿಸಬಾರದೆಂದು ಆದೇಶ ಬಂತು. ಅಷ್ಟರಲ್ಲಿ ಕೆಲಸಕ್ಕೆ ಹೋದವರು, ಹಬ್ಬದ ಸಾಮಾನಿಗೆ ಹೊರಟವರು ದಾರಿಯಲ್ಲಿದ್ದರು.

ಬಫೆಲೊ ಮತ್ತು ಸುತ್ತಲಿನಲ್ಲಿ ಆ ಹಿಮಗಾಳಿಗೆ 47 ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬಿಸಿಯಿಲ್ಲದ ಮನೆಯಲ್ಲಿ, ಕೆಲವರು ಹಿಮ ತೆಗೆಯುತ್ತ, ಕೆಲವರು ಆಂಬುಲೆನ್ಸ್ ಬಾರದೆ. ಕಾರಿನಲ್ಲಿ ಸಿಕ್ಕಿಕೊಂಡರೆ ಇಳಿದು ನಡೆಯಬಾರದು. ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಕಿಟಕಿಯನ್ನು ಕೂದಲೆಳೆಯಷ್ಟು ತೆರೆದಿಡಬೇಕು. ಕೊಳವೆ ಹಿಮದಲ್ಲಿ ಮುಚ್ಚಿದ್ದರೆ ಹೊಗೆ ಒಳಗೇ ಬರುತ್ತದೆ.

ಎರಡು ನಿಮಿಷ ಹೊರಗೆ ಹೋಗಿ ಒಂದು ಫೋಟೊ ತೆಗೆಸಿಕೊಂಡರೆ?

ಗಾಳಿಯಿಲ್ಲದ ದಿನ ಧಾರಾಳವಾಗಿ. ಗಾಳಿ ಇದ್ದರೆ ಲೆಕ್ಕ ಬೇರೆ. ಉಷ್ಣಾಂಶ ಶೂನ್ಯಕ್ಕಿಂತ 15 ಡಿಗ್ರಿ ಕೆಳಗಿದ್ದು 60 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 30ರಂತೆ. ಮುಚ್ಚದ ಕಿವಿ, ಮೂಗು, ಬೆರಳು ಅರ್ಧ ಗಂಟೆಯೊಳಗೆ ಮರಗಟ್ಟುತ್ತವೆ. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಗೆ ಶಾಲು ಹೊದ್ದವರು ಅದೇ ಶಾಲಿನಲ್ಲಿ ಹೊರಡಬೇಡಿ.

ಬಿದ್ದ ಹಿಮವನ್ನು ತಿನ್ನಬಹುದೇ? (ಏಳನೆಯ ತರಗತಿಯ ಹುಡುಗಿಯ ಪ್ರಶ್ನೆ)

ಸ್ವಚ್ಛವಾದ, ಆಗತಾನೆ ಬಿದ್ದದ್ದಾದರೆ ಒಂದು ಚಮಚ, ಬೆಲ್ಲದ ಪಾಕ ಹಾಕಿಕೊಂಡು. ಹಳದಿ ಬಣ್ಣದ್ದನ್ನು ಮುಟ್ಟಬೇಡ ಪುಟ್ಟಿ, ಅಲ್ಲಿನವರೆಲ್ಲ ನಾಯಿ ಸಾಕುತ್ತಾರೆ.

## ಕರೆಂಟ್ ಹೋದರೆ

ಮನೆಗೆ ಗ್ಯಾಸ್ ಬರುತ್ತದಂತೆ. ಕರೆಂಟ್ ಹೋದರೆ ಬಿಸಿ ಯಾಕೆ ನಿಲ್ಲಬೇಕು?

ಗಾಳಿ ಕಾಯಿಸುವುದು ಗ್ಯಾಸ್. ಕಾಯಿಸಿದ ಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನು, ಉರಿ ಹಚ್ಚುವ ಕಿಡಿ, ಥರ್ಮೋಸ್ಟಾಟ್ ಎಲ್ಲವೂ ಕರೆಂಟಿನವು. ನಮ್ಮಲ್ಲಿ ಶನಿವಾರ ರಾತ್ರಿ ಹೋದದ್ದು ಭಾನುವಾರ ಮಧ್ಯಾಹ್ನ ಬಂತು. ಬೆಸ್ಕಾಂನವರು ಕಲಿಸಿದ ಸಹನೆ ನಮಗಿತ್ತು, ಮಗಳಿಗೆ ಇರಲಿಲ್ಲ. ಮನೆ ತಣ್ಣಗಾಗುವುದು ನಿಧಾನ. ಹಸುಗೂಸಿದ್ದ ಕೋಣೆಯೊಂದನ್ನೇ ಉಳಿಸಿಕೊಂಡು ಉಳಿದವುಗಳ ಬಾಗಿಲು ಮುಚ್ಚಿದೆವು. ಸಂದಿಗೆ ಟವೆಲ್, ಕಿಟಕಿಗೆ ಕಂಬಳಿ. ಐದು ಜನರ ಮೈಶಾಖಕ್ಕೆ ಸಣ್ಣ ಕೋಣೆ ನೀವು ಎಣಿಸಿದ್ದಕ್ಕಿಂತ ಬೆಚ್ಚಗಿರುತ್ತದೆ. ಮಗುವಿನ ಮುಖದ ಹತ್ತಿರ ಸಡಿಲ ಕಂಬಳಿ ಬರದಂತೆ ಸರದಿಯಲ್ಲಿ ಎಚ್ಚರವಿದ್ದೆವು.

ಒಂದು ಅಗ್ಗಿಷ್ಟಿಕೆ ಹಚ್ಚಿಟ್ಟುಕೊಂಡರೆ ಮುಗಿಯಿತಲ್ಲವೇ? ನಮ್ಮ ಕಾಲದಲ್ಲಿ ಹಾಗೆಯೇ ಇತ್ತು.

ನಮ್ಮ ಕಾಲದಲ್ಲಿ ಹೆಂಚಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತಿತ್ತು. ಬಿಗಿದ ಮನೆಯಲ್ಲಿ ಇದ್ದಿಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಅದೂ ಇನ್ನೂರು ಪಟ್ಟು ಗಟ್ಟಿಯಾಗಿ. ತಲೆನೋವು, ವಾಕರಿಕೆ, ನಿದ್ದೆ. ಆ ನಿದ್ದೆಯಿಂದ ಏಳುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹಿಮ ಬಿದ್ದು ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. ಅವರಲ್ಲಿ ಗ್ಯಾರೇಜಿನಲ್ಲಿ ಕಾರು ಓಡಿಸಿ, ಒಳಗೆ ಇದ್ದಿಲು ಹೊತ್ತಿಸಿ ವಿಷಗಾಳಿ ಕುಡಿದವರೂ ಇದ್ದರು. ಜನರೇಟರ್ ಇದ್ದರೆ ಮನೆಯಿಂದ ಇಪ್ಪತ್ತು ಅಡಿ ದೂರ, ಬಯಲಿನಲ್ಲಿ. ಅಡಿಗೆ ಒಲೆಯನ್ನು ಕೋಣೆ ಕಾಯಿಸಲು ಹಚ್ಚಬಾರದು. ಮನೆಯ ಪಕ್ಕದ ಗೋಡೆಯಿಂದ ಹೊರಬಂದ ಬಿಳಿ ಪ್ಲಾಸ್ಟಿಕ್ ಕೊಳವೆಯೇ ಎಷ್ಟೋ ಮನೆಗಳಲ್ಲಿ ಹೀಟರಿನ ಮೂಗು. ಕರೆಂಟ್ ಬಂದಾಗ ಅದರ ಮುಂದೆ ಹಿಮ ಕೂತಿರಬಾರದು. ಅಳಿಯಂದಿರು ದಿನಕ್ಕೆ ಮೂರು ಸಲ ಹೊರಗೆ ಹೋಗುತ್ತಿದ್ದುದು ಇದೊಂದಕ್ಕೇ.

ನಲ್ಲಿ ಪೈಪು ಒಡೆಯುತ್ತದಂತೆ, ಯಾಕೆ?

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹೊರಗೋಡೆಯ ಬದಿಯ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಬೇಕು. ಒಡೆದದ್ದು ಗೊತ್ತಾಗುವುದು ಕರಗಿದ ಮೇಲೆಯೇ. ಆದ್ದರಿಂದ ಮುಖ್ಯ ವಾಲ್ವ್ ಎಲ್ಲಿದೆ ಎಂದು ಹೋದ ದಿನವೇ ಕೇಳಿಟ್ಟುಕೊಳ್ಳಿ. ನಲ್ಲಿ ತೊಟ್ಟಿಕ್ಕಲು ಬಿಡುವುದು ಮಾತ್ರ ನನ್ನ ಜೀವಕ್ಕೆ ಒಪ್ಪಲಿಲ್ಲ. ಭದ್ರಾ ನಾಲೆಯ ನೀರಿಗೆ ದಿನ ಎಣಿಸುವ ಊರಿನವಳು, ಕೆಳಗೆ ಪಾತ್ರೆ ಇಟ್ಟೆ.

ಫ್ರಿಜ್‌ನಲ್ಲಿರುವುದನ್ನೆಲ್ಲ ಹೊರಗೆ ಹಿಮದಲ್ಲಿ ಇಟ್ಟರೆ ಆಯಿತಲ್ಲ?

ಎಲ್ಲರಿಗೂ ಹೊಳೆಯುವ ಜಾಣತನ, ಆದರೆ ಬಿಸಿಲು ಬಿದ್ದರೆ ಬೆಚ್ಚಗಾಗುತ್ತದೆ, ಪ್ರಾಣಿಗಳು ಬರುತ್ತವೆ. ಬಾಟಲಿಯಲ್ಲಿ ನೀರು ಮುಕ್ಕಾಲು ತುಂಬಿ ಹೊರಗಿಟ್ಟು, ಗಟ್ಟಿಯಾದ ಮೇಲೆ ಫ್ರಿಜ್ ಒಳಗೆ ಇಡುವುದು ಮೇಲು. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ.

ಆ ಹೊತ್ತಿನಲ್ಲಿ ಮೈ ಹುಷಾರು ತಪ್ಪಿದರೆ?

ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಹೋಗುತ್ತದೆ, ಆದರೆ ಗಾಡಿ ಬರುತ್ತದೆ ಎಂಬ ಭರವಸೆ ಇರುವುದಿಲ್ಲ. ಆ ಎರಡು ದಿನ ಬಫೆಲೊದಲ್ಲಿ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಎರಡೂ ಹಿಮದಲ್ಲಿ ಹೂತಿದ್ದವು. ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳನ್ನು ಹಿಂದಿರುಗುವ ದಿನಕ್ಕಿಂತ ಒಂದು ತಿಂಗಳು ಹೆಚ್ಚಿಗೆ ಒಯ್ಯಿರಿ. ಮಾತ್ರೆಯ ವ್ಯಾಪಾರದ ಹೆಸರಲ್ಲದೆ ರಾಸಾಯನಿಕ ಹೆಸರನ್ನೂ ವೈದ್ಯರಿಂದ ಬರೆಸಿಕೊಳ್ಳಿ, ನಮ್ಮ ಔಷಧಿ ಅಂಗಡಿಯ ಹೆಸರು ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

## ದಾವಣಗೆರೆಯಲ್ಲೇ ಕುಳಿತು ಚಿಂತಿಸುವವರಿಗೆ

ಟಿವಿಯಲ್ಲಿ ಹಿಮ ತೋರಿಸುತ್ತಿದ್ದಾರೆ, ಮಗ ಫೋನ್ ಎತ್ತುತ್ತಿಲ್ಲ. ಏನು ಮಾಡಲಿ ಅಕ್ಕಾ?

ಮೊದಲು ಗಡಿಯಾರ ನೋಡಿ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಿಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ನಡುರಾತ್ರಿ. ಎರಡನೆಯದು, ಕರೆಂಟ್ ಇಲ್ಲದವನ ಮೊಬೈಲಿಗೆ ಹತ್ತು ಸಲ ಕರೆ ಮಾಡಿದರೆ ಅವನ ಬ್ಯಾಟರಿ ತಿಂದವರು ನೀವೇ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡು, ‘ಎಲ್ಲ ಸರಿ’ ಎಂಬ ಎರಡು ಪದದ ಸಂದೇಶ ಸಾಕೆಂದು ಮೊದಲೇ ಒಪ್ಪಿಕೊಳ್ಳಿ. ಅವನ ಅಕ್ಕಪಕ್ಕದ ಒಬ್ಬ ಗೆಳೆಯನ ಸಂಖ್ಯೆ ಕ್ಯಾಲೆಂಡರಿನ ಹಿಂದೆ ಬರೆದಿರಲಿ. ನನ್ನ ತಂಗಿ ಆ ರಾತ್ರಿ ಹದಿನೇಳು ಸಲ ಕರೆ ಮಾಡಿದ್ದಳು. ಹದಿನೆಂಟನೆಯದನ್ನು ಎತ್ತಿದೆ. ‘ಊಟ ಆಯಿತಾ?’ ಎಂದು ಕೇಳಿದಳು.

ನಮ್ಮ ಹುಡುಗ ಸೈನ್ಯದಲ್ಲಿದ್ದಾನೆ. ಕಾಶ್ಮೀರದಲ್ಲೂ ಹೀಗೆಯೇ ಇರುತ್ತದೆಯೇ?

ಹಿಮ ಅದೇ, ಮನೆ ಬೇರೆ. ಅಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾಯ್ ಕಲಾನ್, ಚಳಿಯ ಕಡು ಅವಧಿ. ಬೇಸಿಗೆಯಲ್ಲೇ ಬದನೆ, ಟೊಮೆಟೊ, ಸೋರೆ ಒಣಗಿಸಿಡುತ್ತಾರೆ, ನಮ್ಮ ಸಂಡಿಗೆ, ಬಾಳಕದ ಬುದ್ಧಿಯೇ. ಫೆರನ್ ಎಂಬ ಉದ್ದನೆಯ ನಿಲುವಂಗಿಯ ಒಳಗೆ ಕೆಂಡದ ಮಡಕೆ, ಕಾಂಗ್ಡಿ ಇಟ್ಟುಕೊಂಡು ಓಡಾಡುತ್ತಾರೆ. ಜಮ್ಮು–ಶ್ರೀನಗರ ಹೆದ್ದಾರಿ ಹಿಮಕ್ಕೂ ಭೂಕುಸಿತಕ್ಕೂ ಮುಚ್ಚುತ್ತಿರುತ್ತದೆ. ಹಿಮಾಚಲದ ಲಾಹೌಲ್ ಕಣಿವೆ ರೋಹ್ತಾಂಗ್ ಎಂಬ ಬೆಟ್ಟದಾರಿ ಮುಚ್ಚಿದರೆ ವರ್ಷದಲ್ಲಿ ಸುಮಾರು ಆರು ತಿಂಗಳು ಹೊರಜಗತ್ತಿನಿಂದ ಕಡಿದುಹೋಗುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಆ ಕಷ್ಟ ಬಹಳ ತಗ್ಗಿದೆ.

ಡಿಸೆಂಬರ್‌ನಲ್ಲಿ ಹೋಗಬಹುದೇ, ಬೇಸಿಗೆಯೇ ಮೇಲೇ?

ಬಾಣಂತನಕ್ಕೆ ತಿಂಗಳು ನೋಡಿ ಹೋಗಲಾಗುವುದಿಲ್ಲ. ಬರೀ ನೋಡಿಬರಲು ಹೋಗುವುದಾದರೆ ಮೇಯಿಂದ ಅಕ್ಟೋಬರ್. ಹಿಮ ನೋಡುವ ಆಸೆ ಇದ್ದರೆ ಹತ್ತು ದಿನ ಸಾಕು, ಮೂರು ತಿಂಗಳು ಬೇಡ. ಮಂಡಿ ನೋವಿನವರಿಗೆ ಜಾರುವ ನೆಲವೇ ದೊಡ್ಡ ಶತ್ರು ಎಂಬುದನ್ನು ಮಕ್ಕಳು ಫೋನಿನಲ್ಲಿ ಹೇಳುವುದಿಲ್ಲ.

ಹಿಮದಿಂದ ವಿಮಾನ ರದ್ದಾದರೆ ಏನು ಮಾಡುವುದು? ನಮಗೆ ಇಂಗ್ಲಿಷ್ ಅಷ್ಟಾಗಿ ಬಾರದು.

ಆ ಸಲ ಬಫೆಲೊ ವಿಮಾನ ನಿಲ್ದಾಣವೇ ದಿನಗಟ್ಟಲೆ ಮುಚ್ಚಿತ್ತು. ರದ್ದಾದ ಸುದ್ದಿ ಬಂದರೆ ಮನೆಯಿಂದ ಹೊರಡಬೇಡಿ, ಮಗನೋ ಮಗಳೋ ಬದಲಿ ಟಿಕೆಟ್ ಮಾಡಿಸಲಿ. ಅಮೆರಿಕದಿಂದ ಹೊರಡುವ ವಿಮಾನ ರದ್ದಾಗಿ, ನೀವು ಬದಲಿ ಪ್ರಯಾಣ ಒಪ್ಪದಿದ್ದರೆ, ಹಣ ವಾಪಸು ಕೇಳುವ ಹಕ್ಕು ನಿಮಗಿದೆ. ನಡುವಿನ ನಿಲ್ದಾಣದಲ್ಲಿ ಸಿಕ್ಕಿಕೊಂಡರೆ ಗಾಲಿಕುರ್ಚಿ ಸಹಾಯ ಕೇಳಿದ್ದವರಿಗೆ ಅನುಕೂಲ: ಯಾರಾದರೊಬ್ಬರು ಜೊತೆಗಿರುತ್ತಾರೆ. ಮಾತ್ರೆ, ಒಂದು ಜೊತೆ ಬಟ್ಟೆ, ಉಣ್ಣೆಯ ಕಾಲುಚೀಲ, ಮಕ್ಕಳ ವಿಳಾಸ ಬರೆದ ಚೀಟಿ ಇವು ಕೈಚೀಲದಲ್ಲಿರಲಿ. ಮಂಡಕ್ಕಿ ಬೇಕಾದರೆ ಸೂಟ್‌ಕೇಸಿನಲ್ಲಿ ಹೋಗಲಿ.